ಕನ್ನಡಿ ಮೇಡಂ ಒಡೆಸಿದ ಬಿಲ್ಲೆ

ನನ್ನ ಅತ್ತಿಗೆ ಸರಕಾಗಿ ಅಂಗಡಿಗೆ ಬಂದಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಮಾಲು ಕೆಟ್ಟದ್ದೆಂದಲ್ಲ. ಕಟ್ಟು ಗಟ್ಟಿ, ಬಣ್ಣ ಬಿಡುವುದಿಲ್ಲ, ಎಷ್ಟು ಕಾಲ ಇಟ್ಟರೂ ಹುಳ ಹಿಡಿಯುವುದಿಲ್ಲ. ಆದರೆ ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ದೋಷವೆಲ್ಲ ದಪ್ಪ ಅಕ್ಷರದಲ್ಲಿರುತ್ತದೆ, ಗುಣವನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಅಂಥ ಮಾಲನ್ನು ಯಾವ ವ್ಯಾಪಾರಿಯೂ ಮುಂದಿನ ಕಪಾಟಿನಲ್ಲಿ ಇಡುವುದಿಲ್ಲ.

ಐವತ್ತು ದಾಟಿದ ಕುಳ್ಳನೆಯ ಹೆಂಗಸು. ನಡಿಗೆ ಬೇಗ, ಮಾತು ನಿಧಾನ. ಬಲಗೈಯ ಬೆರಳ ತುದಿಗಳು ಉಜ್ಜಿ ಉಜ್ಜಿ ಎಷ್ಟು ನುಣುಪಾಗಿವೆಯೆಂದರೆ ಅವರ ಫೋನೇ ಅವರನ್ನು ಗುರುತು ಹಿಡಿಯುವುದಿಲ್ಲ. ಅಣ್ಣನ ಹೆಬ್ಬೆರಳನ್ನು ಎರವಲು ಪಡೆದು ತೆರೆಯುತ್ತಾರೆ. "ನನ್ನ ಹೆಂಡ್ತಿ ಗುಟ್ಟೆಲ್ಲ ನನ್ನ ಹೆಬ್ಬೆರಳಲ್ಲಿದೆ. ಏನು ಪ್ರಯೋಜನ, ಒಳಗೆ ಒಂದು ಗುಟ್ಟೂ ಇಲ್ಲ" ಎಂದು ಅಣ್ಣ ಗೊಣಗುತ್ತಾನೆ. ಅತ್ತಿಗೆಯ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ "ಪರವಾಗಿಲ್ಲ". ನಾನು ಮದುವೆಯಾಗುವ ಹುಡುಗಿಯನ್ನು ಮೊದಲ ಸಲ ನೋಡಿದಾಗಲೂ ಅದನ್ನೇ ಅಂದಿದ್ದರು. ಅದು ಹೊಗಳಿಕೆ ಎಂದು ನನ್ನ ಹೆಂಡತಿಗೆ ಅರ್ಥವಾಗುವಷ್ಟರಲ್ಲಿ ನಮ್ಮ ಮಗಳು ಶಾಲೆಗೆ ಸೇರಿದ್ದಳು.

ಅವರು ಕೆಲಸ ಮಾಡುವುದು ಕರೆಂಟು ಹುಟ್ಟಿಸುವ ಯಂತ್ರಗಳ ಕಾರ್ಖಾನೆಯಲ್ಲಿ. ಬೀರುವಿನಷ್ಟು ಎತ್ತರದ ಯಂತ್ರ. ಒಂದು ಕಡೆಯಿಂದ ಗ್ಯಾಸು ಹೋಗುತ್ತದೆ, ಉರಿಯಿಲ್ಲದೆ ಹೊಗೆಯಿಲ್ಲದೆ ಇನ್ನೊಂದು ಕಡೆಯಿಂದ ಕರೆಂಟು ಬರುತ್ತದೆ. ಅದರ ಹೊಟ್ಟೆಯೊಳಗೆ ಅಂಗೈಯಗಲದ ತೆಳು ಪಿಂಗಾಣಿ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಅದಕ್ಕೆ ಘನ ಆಕ್ಸೈಡ್ ಇಂಧನ ಕೋಶ ಎಂದು ಹೆಸರು. ಕಾರ್ಖಾನೆಯಲ್ಲಿ ಯಾರಿಗೂ ಅಷ್ಟು ಉಸಿರಿಲ್ಲ, ಎಲ್ಲರೂ ಬಿಲ್ಲೆ ಎನ್ನುತ್ತಾರೆ. ಬಿಲ್ಲೆಯ ಒಂದು ಮೈಗೆ ಗ್ಯಾಸು ತಾಗಬೇಕು, ಇನ್ನೊಂದು ಮೈಗೆ ಗಾಳಿ, ಇಡೀ ಅಟ್ಟಿ ಕುಲುಮೆಯ ಹಾಗೆ ಕೆಂಪಗೆ ಕಾದಿರಬೇಕು. ಗ್ಯಾಸಿನ ಕಡೆ ನಿಕ್ಕಲ್ ಬೆರೆಸಿದ ಒಂದು ಪದರವಿದೆ, ಸ್ಪಂಜಿನ ಹಾಗೆ ತೂತು ತೂತು. ಎಲೆಕ್ಟ್ರೋಡ್ ಎಂದರೆ ಅದೇ. ಅದು ಕೆಟ್ಟರೆ ಯಂತ್ರ ಬರೀ ಬೀರು.

ಗ್ಯಾಸೂ ಗಾಳಿಯೂ ಎಲ್ಲೂ ಕೂಡಬಾರದು. ಹಾಗಾಗಿ ಬಿಲ್ಲೆಯ ಅಂಚಿಗೆ ಗಾಜಿನ ಪುಡಿ ಕಲಸಿ ಬಳಿದು, ಕಾಯಿಸಿ, ಕರಗಿಸಿ ಮುಚ್ಚುತ್ತಾರೆ. ಆ ಪುಡಿ ನನ್ನದು. ನನ್ನ ಗಿರಣಿಯಲ್ಲಿ ಬೇರೆ ಪುಡಿಗಳನ್ನೂ ಬೀಸುತ್ತೇವೆ. ಆದರೆ ಗಿರಣಿಯ ಬಾಗಿಲು ತೆರೆದಿರುವುದು ಇದೊಂದರಿಂದ. ನನ್ನ ಪುಡಿ ಆ ಕಾರ್ಖಾನೆಗೆ ಹೋಗಲು ಶುರುವಾದ ದಿನ ಅತ್ತಿಗೆ ನನ್ನನ್ನು ಒಂದು ಮಾತು ಕೇಳದೆ ನಿರ್ದೇಶಕಿಯ ಕೋಣೆಗೆ ಹೋಗಿ, "ಪುಡಿಯವನು ನನ್ನ ಮೈದುನ. ನಿಮಗೆ ಗೊತ್ತಿರ್ಲಿ" ಎಂದು ಹೇಳಿ ಬಂದಿದ್ದರು. ಆಗ ನನಗೆ ಉರಿದುಹೋಗಿತ್ತು. ಶುಭ ಮುಹೂರ್ತದಲ್ಲಿ ಸೀನಿದ ಹಾಗಾಯಿತು ಎಂದು ಅಣ್ಣನ ಹತ್ತಿರ ಹೇಳಿಕೊಂಡಿದ್ದೆ.

ಅತ್ತಿಗೆಯದು ಸತ್ತ ಬಿಲ್ಲೆಗಳ ಕೆಲಸ. ಓಡಿ ಸೊರಗಿದ ಬಿಲ್ಲೆ ಅವರ ಕೈಗೆ ಬರುತ್ತದೆ. ಅದರ ಒಂದು ಚೂರನ್ನು ಕತ್ತರಿಸಿ ಅಚ್ಚಿನಲ್ಲಿಟ್ಟು, ಮೇಲೆ ರಾಳ ಸುರಿದು, ಪಂಪಿನಿಂದ ಗಾಳಿ ಎಳೆಯುತ್ತಾರೆ. ರಾಳ ತೂತುಗಳೊಳಗೆ ಇಳಿದು ಕಲ್ಲಾಗುತ್ತದೆ. ಆಮೇಲೆ ಉಜ್ಜುವುದು. ಉಪ್ಪುಕಾಗದದಿಂದ ಶುರು, ನುಣುಪು ಕಾಗದ, ಇನ್ನೂ ನುಣುಪು, ಕೊನೆಗೆ ತಿರುಗುವ ಬಟ್ಟೆ. ಮುಗಿಯುವಾಗ ಆ ಚೂರಿನಲ್ಲಿ ಮುಖ ನೋಡಿ ಬೈತಲೆ ತೆಗೆಯಬಹುದು. ಅದಕ್ಕೇ ಅವರಿಗೆ ಕನ್ನಡಿ ಮೇಡಂ ಎಂಬ ಹೆಸರು. ಆ ಕನ್ನಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು, ಯಾವ ಕಣ ಎಲ್ಲಿಗೆ ಸರಿದಿದೆ, ಯಾವ ತೂತು ಮುಚ್ಚಿದೆ ಎಂದು ಹೇಳುತ್ತಾರೆ. ಅವರು ತೆಗೆದ ಚಿತ್ರಗಳನ್ನು ನಿರ್ದೇಶಕಿ ಚೌಕಟ್ಟು ಹಾಕಿಸಿ ಮೊಗಸಾಲೆಯ ಗೋಡೆಗೆ ತೂಗುಹಾಕಿದ್ದರು. ಬಂದ ಅತಿಥಿಗಳು ಅವುಗಳ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಕಂತಿನ ಯಂತ್ರಗಳೆಲ್ಲ ಒಟ್ಟಿಗೆ ಸೊರಗತೊಡಗಿದವು. ತಿಂಗಳಿಂದ ತಿಂಗಳಿಗೆ ಕರೆಂಟು ಇಳಿಯಿತು. ಯಂತ್ರಗಳನ್ನು ಓಡಿಸಿ ನೋಡುವ ಇಂಜಿನಿಯರಿಗೆ ಕಾರ್ಖಾನೆಯಲ್ಲಿ ಥರ್ಮಾಮೀಟರ್ ಎನ್ನುತ್ತಾರೆ. ಚಹಾ ಕೊಟ್ಟರೆ ಮೊದಲು ಲೋಟಕ್ಕೆ ಕೈಹಿಂಬದಿ ತಾಗಿಸಿ ನೋಡುವ ಮನುಷ್ಯ. ಅವನು ಬಿಲ್ಲೆಗಳನ್ನು ತಂದು ಅತ್ತಿಗೆಯ ಮೇಜಿನ ಮೇಲಿಟ್ಟ. ಅತ್ತಿಗೆ ಉಜ್ಜಿದರು, ನೋಡಿದರು, ವರದಿ ಕೊಟ್ಟರು. ನಿಕ್ಕಲ್ ಪದರದ ತೂತುಗಳಲ್ಲೆಲ್ಲ ಸಿಲಿಕಾನ್ ಕೂತಿದೆ. ಹೋಲಿಸಲು ಇಟ್ಟುಕೊಂಡ, ಓಡಿಸದ ಹೊಸ ಬಿಲ್ಲೆಯ ಚೂರಿನಲ್ಲಿ ಅದು ಇಲ್ಲ. ಯಂತ್ರದೊಳಗೆ ಹುಟ್ಟುವ ಹಬೆ ಅಂಚಿನ ಗಾಜಿನಿಂದ ಸಿಲಿಕಾನನ್ನು ಎತ್ತಿಕೊಂಡು ಹೋಗಿ ಎಲೆಕ್ಟ್ರೋಡಿನಲ್ಲಿ ಕೂರಿಸಿರಬೇಕು. ಅಂಚಿನ ಗಾಜು ಎಂದರೆ ನಾನು.

ನನ್ನ ಪುಡಿಯನ್ನು ನಿಲ್ಲಿಸಿದರು. ಮುಂದಿನ ವಾರ ಸಭೆ ಸೇರಿ ಶಾಶ್ವತವಾಗಿ ನಿಲ್ಲಿಸುವುದೆಂದೂ ಕಾಗದ ಬಂತು, ಜೊತೆಗೆ ವರದಿಯ ಪ್ರತಿ. ಕೆಳಗೆ ಅತ್ತಿಗೆಯ ಸಹಿ, ಮುತ್ತಿನಂಥ ಅಕ್ಷರ.

ಆ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಜಗಳ ಮಾಡಲು ಅಲ್ಲ; ಜಗಳ ಮಾಡುವ ಮುಖ ಹೊತ್ತುಕೊಂಡು ಹೋಗಿದ್ದೆ, ಅಷ್ಟೇ. ಅತ್ತಿಗೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ಅಣ್ಣ ಒಗೆದ ಬಟ್ಟೆ ಮಡಚುತ್ತಿದ್ದ. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವನು. ಊರಿನ ಬಸ್ಸುಗಳನ್ನೆಲ್ಲ ಸಮಯಕ್ಕೆ ಹೊರಡಿಸುತ್ತಾನೆ, ಅವನ ಮಾತು ಮಾತ್ರ ಯಾವಾಗಲೂ ಒಂದು ನಿಲ್ದಾಣ ಹಿಂದೆ.

"ಬನ್ನಿ ಸಾಹುಕಾರ್ರೇ" ಎಂದರು ಅತ್ತಿಗೆ. ನನ್ನ ಮೇಲೆ ಸಿಟ್ಟಿದ್ದಾಗಲೂ, ಸಂಕಟ ಪಟ್ಟಾಗಲೂ ನಾನು ಅವರಿಗೆ ಸಾಹುಕಾರ.

"ಬರೋದೇನು. ನೀವೇ ಬಾಗಿಲು ಹಾಕ್ಸಿದೀರಲ್ಲ."

"ನಿನ್ನ ಬಾಗಿಲು ಮುಚ್ಚೋಕೆ ನಾನು ಬರೀಲಿಲ್ಲ. ಕಂಡದ್ದು ಬರ್ದೆ."

"ಕಂಡದ್ದು ನನಗೂ ತೋರ್ಸಿ. ಯಾವ ಪಾಪ ಮಾಡಿದೀನಿ ಅಂತ ನೋಡ್ತೀನಿ."

ಅವರು ವರದಿಯ ಚಿತ್ರ ತೆರೆದರು. ನಿಕ್ಕಲಿಗೆ ಕಿತ್ತಳೆ, ಸಿಲಿಕಾನಿಗೆ ಹಸಿರು. ಕಿತ್ತಳೆಯ ಸಂದಿಗಳಲ್ಲೆಲ್ಲ ಹಸಿರು ಪಾಚಿ ಕಟ್ಟಿದ ಹಾಗಿತ್ತು. ನೋಡಲು ಚೆನ್ನಾಗಿತ್ತು. ಏನಾದರೂ ಹೇಳಬೇಕಲ್ಲ, ಸುಮ್ಮನೆ ತಗಾದೆ ತೆಗೆದೆ.

"ಇದೇನು, ಅಂಚೆಚೀಟಿಯಷ್ಟು ಕತ್ತರಿಸಿ ತೋರಿಸ್ತೀರಿ? ಬಟ್ಟೆ ಅಂಗಡೀಲಾದ್ರೆ ಥಾನು ಪೂರ್ತಿ ಬಿಚ್ಚಿ ಹಾಸ್ತಾರೆ."

"ಪೂರ್ತಿ ಬಿಚ್ಚಿದ್ರೆ ನಿನ್ನ ಪುಡಿ ಬೆಳ್ಳಗಾಗುತ್ತಾ?"

"ಆಗೋದು ಬೇಡ. ಮುಳುಗೋದಾದ್ರೆ ಪೂರ್ತಿ ನೋಡಿ ಮುಳುಗ್ತೀನಿ."

ನನ್ನ ಬಾಯಿ ಮುಚ್ಚಿಸಲು ಅವರು ಕತ್ತರಿಸದ ಚಿತ್ರ ತೆರೆದರು. ಎಡಕ್ಕೆ ಬಿಲ್ಲೆ ಮುಗಿದು ರಾಳದ ಕಪ್ಪು ಬಯಲು ಶುರುವಾಗುತ್ತಿತ್ತು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. "ಆಯ್ತು, ಮುಳುಗಿದೆ" ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಮೌಸಿನ ಮೇಲಿದ್ದ ಅವರ ಕೈ ನಿಂತುಹೋಗಿದ್ದು ನೋಡಿದೆ.

"ಏನತ್ತಿಗೆ?"

"ಸುಮ್ನಿರು."

ಕಪ್ಪು ಬಯಲಿನ ಒಂದು ಮೂಲೆಯನ್ನು ದೊಡ್ಡದು ಮಾಡಿದರು. ಅಲ್ಲಿ ಒಂದು ಗುಳ್ಳೆ. ರಾಳ ಸುರಿಯುವಾಗ ಉಳಿದ ಗಾಳಿಯ ಗುಳ್ಳೆ. ಗುಳ್ಳೆಯೊಳಗೆ ಹಸಿರು.

ಅಣ್ಣ ಚಹಾ ತಂದಿಟ್ಟ. ಯಾರೂ ಮುಟ್ಟಲಿಲ್ಲ.

"ಇದು ರಾಳ" ಎಂದರು ಅತ್ತಿಗೆ, ನನಗೋ ತಮಗೋ ಗೊತ್ತಾಗದ ದನಿಯಲ್ಲಿ. "ನಾನೇ ಸುರಿದದ್ದು. ಇದು ಯಂತ್ರದೊಳಗೆ ಹೋಗೇ ಇಲ್ಲ. ಹಬೆ ಕಂಡಿಲ್ಲ, ನಿನ್ನ ಗಾಜು ಕಂಡಿಲ್ಲ. ಇದಕ್ಕೆ ಸಿಲಿಕಾನ್ ಎಲ್ಲಿಂದ ಬಂತು?"

"ಎಲ್ಲಿಂದ?"

ಅವರು ತಮ್ಮ ನುಣುಪು ಬೆರಳುಗಳನ್ನು ನೋಡಿಕೊಂಡರು. "ನನ್ನ ಪಾಲಿಶ್ ಬಟ್ಟೆಯಿಂದ" ಎಂದರು.

ಅಂದು ತಿಳಿದದ್ದನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಮುಂಚೆ ಕೊನೆಯ ಹೊಳಪನ್ನು ವಜ್ರದ ಪುಡಿಯ ಪೇಸ್ಟಿನಿಂದ ಕೊಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಬಟ್ಟೆಗೆ ಹನಿಸಲು ಹಾಲಿನಂಥ ಒಂದು ದ್ರವ ಬಂತು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ತೇಲುತ್ತಿರುತ್ತವೆ. ಹೊಳಪು ವಜ್ರಕ್ಕಿಂತ ಮಿಗಿಲು. ಗೋಡೆಯ ಚೌಕಟ್ಟುಗಳೆಲ್ಲ ಆ ಹಾಲಿನ ಕೂಸುಗಳೇ. ರಾಳ ಪೂರ್ತಿ ಇಳಿದಿದ್ದರೆ ತೊಂದರೆಯಿಲ್ಲ, ಹಾಲು ತೊಳೆದುಹೋಗುತ್ತದೆ. ಇಳಿಯದೆ ಬಿಟ್ಟ ತೂತಿದ್ದರೆ ಸಿಲಿಕಾ ಅದರೊಳಗೆ ಹೊಕ್ಕು ಬಿಡಾರ ಹೂಡುತ್ತದೆ. ಹಾಗಾದರೆ ಹೊಸ ಬಿಲ್ಲೆಯ ಚೂರಿನಲ್ಲಿ ಏಕೆ ಕಾಣಲಿಲ್ಲ? ಆ ಚೂರು ವಜ್ರದ ಕಾಲದ್ದು. ಡಬ್ಬಿಯಲ್ಲಿ ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದುದನ್ನು ಮತ್ತೆ ಏಕೆ ಮಾಡುವುದು ಎಂದು ಪ್ರತಿ ಸಲವೂ ಅದರ ಜೊತೆಗೇ ಹೋಲಿಸುತ್ತಿದ್ದರು.

"ಅಂದ್ರೆ ನನ್ನ ಪುಡಿದು ತಪ್ಪಿಲ್ಲ" ಎಂದೆ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ.

"ಹಾಗಂತ ಯಾರು ಹೇಳಿದ್ರು? ಗುಳ್ಳೆಯೊಳಗಿಂದು ಪಾಲಿಶ್ದು. ಬಿಲ್ಲೆಯೊಳಗೆ ಪಾಲಿಶ್ದು ಎಷ್ಟು, ನಿಂದು ಎಷ್ಟು, ನಂಗೊತ್ತಿಲ್ಲ."

"ಗೊತ್ತಿಲ್ಲ ಅಂತಾನೇ ಹೇಳಿ. ನಾಳೆ ಬೆಳಿಗ್ಗೆ ಹೋಗಿ ವರದಿ ವಾಪಸ್ ತಗೊಳ್ಳಿ."

ಆಗ ಅಣ್ಣ ಮಾತಾಡಿದ. ಮಡಚಿದ ಅಂಗಿಯ ಮೇಲೆ ಕೈಯಿಟ್ಟುಕೊಂಡೇ ಹೇಳಿದ. "ಲೋ, ನಾಳೆ ಇವಳು ಹೋಗಿ ತಪ್ಪಾಯ್ತು ಅಂದ್ರೆ ಅವರೇನಂತಾರೆ ಗೊತ್ತಾ? ಮೈದುನನ ಗಿರಣಿ ಉಳಿಸೋಕೆ ಅತ್ತಿಗೆ ಕಣ್ಣಿಗೆ ಮಣ್ಣೆರಚ್ತಾಳೆ ಅಂತಾರೆ."

"ಅಂತಾರೆ" ಎಂದರು ಅತ್ತಿಗೆ.

"ಹೇಳದೇ ಇದ್ರೆ?" ಎಂದು ಅಣ್ಣ ಕೇಳಿದ.

"ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ಈ ಚಿತ್ರ ನನ್ನೊಬ್ಬಳ ಹತ್ರ ಇದೆ."

ಕೆಳಗಿನ ಬೀದಿಯಲ್ಲಿ ಯಾರೋ ಸ್ಕೂಟರ್ ಶುರು ಮಾಡಲು ಒದೆಯುತ್ತಲೇ ಇದ್ದರು. ನನ್ನ ತಲೆ ವ್ಯಾಪಾರಿಯ ತಲೆ, ಸಾವು ನೋವಿನಲ್ಲೂ ತಕ್ಕಡಿ ಹಿಡಿಯುತ್ತದೆ. ಅವರು ಬಾಯಿ ಮುಚ್ಚಿಕೊಂಡರೆ ಕೆಡುವವನು ನಾನೊಬ್ಬನೇ. ಬಾಯಿ ಬಿಟ್ಟರೆ ಮೊದಲು ಕೆಡುವವರು ಅವರು. ನಾನು ಉಳಿಯುತ್ತೇನೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಸೂಕ್ಷ್ಮದರ್ಶಕ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವುದರಲ್ಲಿದ್ದರು, ಆ ಕುರ್ಚಿ ಕನ್ನಡಿ ಮೇಡಂಗೇ ಎಂದು ಕಾರ್ಖಾನೆಯ ಗೇಟಿನವನಿಗೂ ಗೊತ್ತಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಆ ಕಟ್ಟಡದಲ್ಲಿ "ಮೇಡಂ ನೋಡಿದಾರಾ?" ಎಂದು ಒಬ್ಬರು ಕೇಳಿ, "ನೋಡಿದಾರೆ" ಎಂದು ಇನ್ನೊಬ್ಬರು ಹೇಳಿದರೆ ವಾದ ಮುಗಿಯುತ್ತಿತ್ತು. ಅತ್ತಿಗೆಯ ಆಸ್ತಿ ಅಷ್ಟೇ. ಅದು ಹೋದರೆ ಅವರಿಗೆ ಬೇರೆ ಅಂಗಡಿಯಿಲ್ಲ.

"ಬೇಡ ಅನ್ಸಿದ್ರೆ ಬಿಟ್ಬಿಡಿ ಅತ್ತಿಗೆ" ಎಂದೆ. "ನಾನು ಬೇರೆ ಏನಾದ್ರೂ ಬೀಸ್ಕೋತೀನಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಾಯಿ ಚೆನ್ನಾಗಿ ಹೇಳ್ತು. ಹೊಟ್ಟೆ ಹೇಳಿದ್ದೂ ಕೇಳಿಸ್ತು." ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. "ಪಾಲಿಶ್ ಮಾಡಲ್ಲ. ಒಡೆದು ನೋಡ್ಬೇಕು. ಒಡೆದ ಮುಖಕ್ಕೆ ನೀರೂ ಸೋಕಬಾರ್ದು. ಅಲ್ಲೂ ಸಿಲಿಕಾನ್ ಇದ್ರೆ ನಿಂದು. ಇಲ್ದಿದ್ರೆ ನಂದು. ಆದ್ರೆ ನಾನು ಒಡೀಬಾರ್ದು. ಥರ್ಮಾಮೀಟರ್ ಒಡೀಲಿ."

"ಅವನಾ? ಅವನಿಗೆ ನನ್ನ ಕಂಡ್ರೆ ಆಗಲ್ಲ."

"ಅದಕ್ಕೇ."

ಒಡೆದ ಮುಖದಲ್ಲೂ ಸಿಲಿಕಾನ್ ಸಿಕ್ಕಿದರೆ, ಹೊಳಪಿನ ತಪ್ಪು ಒಪ್ಪಿಕೊಂಡು ಅವರೂ ಹೋದರು, ಪುಡಿಯ ತಪ್ಪು ಹೊತ್ತುಕೊಂಡು ನಾನೂ ಹೋದೆ. ಅದು ಮೂವರಿಗೂ ಹೊಳೆದಿತ್ತು. ಯಾರೂ ಎತ್ತಲಿಲ್ಲ.

ಸಭೆಯ ದಿನ ನನ್ನನ್ನೂ ಕರೆಸಿದರು. ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿಯಿಲ್ಲ, ತಂಪು ಯಂತ್ರದ ಗುಂಯ್ ಎಂಬ ಸದ್ದು, ಚಪ್ಪಲಿ ಹೊರಗೆ. ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, "ಬಾಯಿ ತೆಗೀಬಾರ್ದು, ಏನೂ ಮುಟ್ಟಬಾರ್ದು" ಎಂದು ಅತ್ತಿಗೆ ತಾಕೀತು ಮಾಡಿದ್ದರು. ನಿರ್ದೇಶಕಿ ಎತ್ತರದ, ನರೆಗೂದಲಿನ ಹೆಂಗಸು, ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಿದ್ದರು.

"ಮೈದುನನ್ನ ಕರ್ಕೊಂಡೇ ಬಂದಿದೀರಲ್ಲ ಮೇಡಂ" ಎಂದ ಥರ್ಮಾಮೀಟರ್. "ಸಾಕ್ಷಿಗೋ, ಸಮಾಧಾನಕ್ಕೋ?"

"ಕರೆಸಿದ್ದು ನಾನು" ಎಂದರು ನಿರ್ದೇಶಕಿ. "ಶುರು ಮಾಡಿ."

ಅತ್ತಿಗೆ ಎದ್ದು ನಿಂತರು. ಎರಡೂ ಕೈಗಳನ್ನು ಬಿಳಿ ನಿಲುವಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. "ನನ್ನ ವರದಿ ತಪ್ಪಿರಬಹುದು" ಎಂದರು. ಗುಳ್ಳೆಯ ಚಿತ್ರ ತೋರಿಸಿದರು. ಹಾಲಿನ ವಿಷಯ, ಹಳೆಯ ಚೂರಿನ ವಿಷಯ, ಎಲ್ಲವನ್ನೂ ನಾನು ಮೇಲೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿ ಮುಗಿಸಿದರು. ನೆವ ಹೇಳಲಿಲ್ಲ.

ಆಮೇಲೆ ಥರ್ಮಾಮೀಟರ್ ನಿಧಾನವಾಗಿ ಕೇಳಿದ. "ಹಾಗಾದ್ರೆ ಆ ಹಾಲು ಬಂದಾಗಿಂದ ನೀವು ನೋಡಿದ್ದೆಲ್ಲ?"

"ಸಿಲಿಕಾನ್ ಅಂತ ಎಲ್ಲೆಲ್ಲಿ ಬರ್ದಿದೀನೋ ಅದೆಲ್ಲ ಅನುಮಾನವೇ."

"ಗೋಡೆ ಮೇಲಿರೋದು?"

"ಅದೂ."

ನಿರ್ದೇಶಕಿಯ ಪೆನ್ನಿನ ಮುಚ್ಚಳ ಟಕ್ಕೆಂದು ಕೂತಿತು. ಮತ್ತೆ ತೆಗೆಯಲಿಲ್ಲ. "ಇದು ನಿಮಗೆ ಹೊಳೆದದ್ದು ನಿಮ್ಮ ಮೈದುನನ ಕೆಲಸ ನಿಂತ ಮೇಲೆ" ಎಂದರು. ಪ್ರಶ್ನೆಯಾಗಿರಲಿಲ್ಲ ಅದು.

"ಹೌದು. ನಾನಾಗಿದ್ರೂ ನಂಬ್ತಿರ್ಲಿಲ್ಲ. ಅದಕ್ಕೇ ನನ್ನ ಕೈ ಬೇಡ ಅಂದೆ. ಪೆಟ್ಟಿಗೆ ಅವರೇ ತೆಗೀಲಿ, ಬಿಲ್ಲೆ ಅವರೇ ಆರಿಸ್ಲಿ, ಅವರೇ ಒಡೀಲಿ. ಹೊಸ ಬಿಲ್ಲೆಯನ್ನೂ ಒಂದು ಒಡೀಲಿ, ಹೋಲಿಸೋಕೆ."

ಥರ್ಮಾಮೀಟರ್ ಕೈಗವಸು ಹಾಕಿಕೊಂಡ. ಮೊಹರು ಹಾಕಿದ ಪೆಟ್ಟಿಗೆಯನ್ನು ತೆರೆದು, ಓಡಿ ಸೊರಗಿದ ಬಿಲ್ಲೆಗಳಲ್ಲಿ ಒಂದನ್ನು ತೆಗೆದ. ಮನಸ್ಸು ಬದಲಿಸಿ ಅದನ್ನಿಟ್ಟು ಅಡಿಯಲ್ಲಿದ್ದದ್ದನ್ನು ಎಳೆದ. ವಜ್ರದ ತುದಿಯ ಲೇಖನಿಯಿಂದ ಬಿಲ್ಲೆಯ ಬೆನ್ನಿಗೆ ಗೀರಿದ. ಎರಡೂ ಹೆಬ್ಬೆರಳು ಒತ್ತಿದ. ಬಿಲ್ಲೆ ಒಡೆಯಲಿಲ್ಲ. ಅವನ ಹಣೆಯಲ್ಲಿ ಬೆವರು.

"ಯಂತ್ರದೊಳಗೆ ಬೇಡ ಬೇಡ ಅಂದ್ರೂ ಒಡೀತಾವೆ" ಎಂದ.

"ಸ್ವಲ್ಪ ಅಂಚಿಗೆ ಹಿಡೀರಿ" ಎಂದರು ಅತ್ತಿಗೆ. ಜೇಬಿನಿಂದ ಕೈ ತೆಗೆಯಲಿಲ್ಲ.

ಟಕ್. ನನಗೆ ಯಾರೋ ಬೆನ್ನಿಗೆ ಚಿವುಟಿದಂತಾಯಿತು.

ನಡುವಿನ ಚೂರೊಂದನ್ನು ಅವನೇ ಕರಿ ಅಂಟುಪಟ್ಟಿಯ ಮೇಲೆ ನಿಲ್ಲಿಸಿ, ಹೊಸ ಬಿಲ್ಲೆಯನ್ನೂ ಒಡೆದು ಅದರ ಚೂರನ್ನು ಪಕ್ಕದಲ್ಲಿಟ್ಟು, ಸೂಕ್ಷ್ಮದರ್ಶಕದ ಹೊಟ್ಟೆಯೊಳಗೆ ತಳ್ಳಿದ. ಒಳಗಿನ ಗಾಳಿಯನ್ನೆಲ್ಲ ಪಂಪು ಎಳೆದು ಮುಗಿಸುವವರೆಗೆ ಕಾಯಬೇಕು. ಪಂಪು ಗುರುಗುಟ್ಟುತ್ತಿತ್ತು. ದೀಪ ಕೆಂಪಾಗಿಯೇ ಇತ್ತು. ಆ ಹೊತ್ತಿನಲ್ಲಿ ಗಿರಣಿಯಲ್ಲಿ ಬೇರೆ ಏನು ಬೀಸಬಹುದು ಎಂದು ಎಣಿಸತೊಡಗಿದೆ, ಒಂದೂ ಹೊಳೆಯಲಿಲ್ಲ. ಅತ್ತಿಗೆ ದೀಪವನ್ನು ನೋಡುತ್ತಿರಲಿಲ್ಲ. ಮೂಲೆಯ ಉಜ್ಜುವ ಯಂತ್ರದ ಮೇಲೆ ಒಣಗಲು ಹಾಕಿದ್ದ ಬಟ್ಟೆಯನ್ನು ನೋಡುತ್ತಿದ್ದರು.

ದೀಪ ಹಸಿರಾಯಿತು.

ಪರದೆಯ ಮೇಲೆ ಬಂದದ್ದು ಗೋಡೆಯ ಚಿತ್ರಗಳ ಜಾತಿಯದ್ದಲ್ಲ. ಗುಡ್ಡ ಕುಸಿದು ಬಂಡೆಗಳು ಅಸ್ತವ್ಯಸ್ತ ಬಿದ್ದ ಹಾಗಿತ್ತು. "ಇದೇನು, ಕಲ್ಲು ಕ್ವಾರಿ ಇದ್ದಂಗಿದೆ" ಎಂದರು ನಿರ್ದೇಶಕಿ.

"ಕ್ವಾರಿನೇ. ಎಲ್ಲಿ ನೋಡ್ಬೇಕು ಅಂತ ಅವರೇ ಹೇಳ್ಲಿ."

ಥರ್ಮಾಮೀಟರ್ ಬೆರಳು ತೋರಿದ ಜಾಗಕ್ಕೆ ಅತ್ತಿಗೆ ಕಿರಣ ಬಿಟ್ಟರು. ಪರದೆಯ ಕೆಳಗೆ ಗೆರೆಯೊಂದು ಏಳತೊಡಗಿತು. ಯಾವ ಧಾತು ಇದೆಯೋ ಅದರ ಜಾಗದಲ್ಲಿ ಗುಡ್ಡ ಏಳುತ್ತದೆ, ಇಲ್ಲದಿದ್ದರೆ ಬಯಲು. ನಿಕ್ಕಲ್ ಎದ್ದಿತು. ಪಿಂಗಾಣಿಯ ಜಿರ್ಕೋನಿಯಂ ಎದ್ದಿತು. ಅದರ ಎಡಕ್ಕೆ ಒಂದು ಸಣ್ಣ ಉಬ್ಬು.

"ಅದು ಸಿಲಿಕಾನ್" ಎಂದ ಥರ್ಮಾಮೀಟರ್.

ಸ್ಟೂಲಿನ ಅಂಚನ್ನು ಹಿಡಿದುಕೊಂಡೆ.

"ಯಿಟ್ರಿಯಂ" ಎಂದರು ಅತ್ತಿಗೆ. "ಪಿಂಗಾಣಿಯಲ್ಲೇ ಇರೋದು. ಸಿಲಿಕಾನ್ ಮನೆ ಇನ್ನೂ ಸ್ವಲ್ಪ ಎಡಕ್ಕೆ. ಅಕ್ಕಪಕ್ಕದವ್ರು, ಮೊದಮೊದಲು ಒಬ್ಬರೇ ಅನ್ಸುತ್ತೆ. ಏರ್ಲಿ, ಕಾಯಿರಿ."

ಕಾದೆವು. ಉಬ್ಬು ಎತ್ತರವಾಯಿತು, ಚೂಪಾಯಿತು. ಅದರ ಎಡಗಡೆ ಇಳಿಜಾರು ನೇರವಾಗಿ ನೆಲಕ್ಕೆ ಬಂತು. ಅಲ್ಲಿಂದಾಚೆ ಬೋಳು. ಥರ್ಮಾಮೀಟರ್ ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದ. ಬೇರೆ ಜಾಗ ತೋರಿದ. ಬೋಳು. ಇನ್ನೊಂದು. ಬೋಳು. ಅವನೇ ಮೌಸು ಹಿಡಿದು ಎಲ್ಲೆಲ್ಲೋ ಅಲೆದ. ಕಳೆದುಹೋದ ಬೀಗದಕೈಯನ್ನು ಹುಡುಕುವವನ ಹಾಗೆ ಅದೇ ಮೂಲೆಗೆ ಎರಡೆರಡು ಸಲ ಬಂದ.

"ಸಿಲಿಕಾನ್ ಇಲ್ಲ" ಎಂದ ಕೊನೆಗೆ. ಆ ಮಾತು ಅವನ ಬಾಯಿಂದಲೇ ಬಂತು.

"ಮತ್ತೆ ಇವು ಸೊರಗಿದ್ದು ಯಾಕೆ?" ಎಂದರು ನಿರ್ದೇಶಕಿ.

ಅತ್ತಿಗೆ ಮೌಸನ್ನು ಅವನಿಂದ ವಾಪಸ್ ತೆಗೆದುಕೊಂಡರು. ಹೊಸ ಬಿಲ್ಲೆಯ ಮುರಿದ ಮುಖವನ್ನೂ ಹಳೆಯದನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟರು. ಹೊಸದರಲ್ಲಿ ನಿಕ್ಕಲ್ ಕಣಗಳು ಸಾಸಿವೆಯ ಹಾಗೆ ಸಣ್ಣಗೆ, ಒಂದಕ್ಕೊಂದು ತಾಗಿಕೊಂಡು. ಹಳೆಯದರಲ್ಲಿ ಅವು ಒಂದರೊಳಗೊಂದು ಸೇರಿ ಗುಂಡುಕಲ್ಲುಗಳಾಗಿದ್ದವು, ನಡುನಡುವೆ ಬರೀ ಖಾಲಿ. ನೀರಿನ ಮೇಲಿನ ಎಣ್ಣೆಯ ಹನಿಗಳು ಕೂಡಿ ಕೂಡಿ ದೊಡ್ಡದಾಗುತ್ತವಲ್ಲ, ಹಾಗೆ. ಕಣದಿಂದ ಕಣಕ್ಕೆ ದಾರಿ ತಪ್ಪಿದರೆ ಕರೆಂಟು ಎಲ್ಲಿ ನಡೆಯಬೇಕು?

"ಇದು ನನ್ನ ಮೊದಲಿನ ಚಿತ್ರದಲ್ಲೂ ಇತ್ತು" ಎಂದರು ಅತ್ತಿಗೆ. "ಹಸಿರು ಬಣ್ಣ ನೋಡ್ತಾ ಕೂತು ನಾನು ಇದನ್ನ ನೋಡ್ಲಿಲ್ಲ. ಹೀಗೆ ಗಂಟು ಕಟ್ಬೇಕಾದ್ರೆ ಬಿಸಿ ಜಾಸ್ತಿ ಆಗಿರ್ಬೇಕು."

ಎಲ್ಲರೂ ಥರ್ಮಾಮೀಟರನ ಕಡೆ ತಿರುಗಿದರು. ಅವನು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚುತ್ತಿದ್ದ. "ಕರೆಂಟು ಇಳೀತಾ ಬಂತು" ಎಂದ. "ಏರ್ಸೋಕೆ ಅಂತ ಬಿಸಿ ಸ್ವಲ್ಪ ಜಾಸ್ತಿ ಮಾಡ್ದೆ. ಏರ್ತು. ಮತ್ತೆ ಇಳೀತು. ಮತ್ತೆ ಜಾಸ್ತಿ ಮಾಡ್ದೆ." ಯಾರೂ ಅವನನ್ನು ಬೈಯಲಿಲ್ಲ. ಆ ಕೋಣೆಯಲ್ಲಿ ಅವತ್ತು ಬೈಯುವ ಮುಖ ಯಾರಿಗೂ ಉಳಿದಿರಲಿಲ್ಲ, ನನ್ನನ್ನು ಬಿಟ್ಟು. ನಾನು ಬಾಯಿ ತೆಗೆಯುವ ಹಾಗಿರಲಿಲ್ಲ.

ನಿರ್ದೇಶಕಿ ಪೆನ್ನು ಜೇಬಿಗೆ ಸಿಕ್ಕಿಸಿದರು. "ಸರಿ. ಪುಡಿಯ ಮೇಲಿನ ತಡೆ ತೆಗೀತೀನಿ" ಎಂದು ಬಾಗಿಲ ಕಡೆ ಹೊರಟರು. ನನಗೆ ಎದ್ದು ಕುಣಿಯಬೇಕೆನಿಸಿತು. ಸ್ಟೂಲು ಎತ್ತರವಾದ್ದರಿಂದ ಕಾಲು ನೆಲಕ್ಕೆ ತಾಗಲಿಲ್ಲ.

"ಇನ್ನೂ ಮುಗೀಲಿಲ್ಲ" ಎಂದರು ಅತ್ತಿಗೆ. "ಇದು ನಡುವಿನ ಚೂರು. ಅಂಚು ನೋಡಿಲ್ಲ."

ನಾನು ಕೆಮ್ಮಿದೆ. ಅತ್ತಿಗೆ ಈ ಕಡೆ ನೋಡಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಕೆಮ್ಮಿದೆ.

"ನೀರು ಹೊರಗಿದೆ ಸಾಹುಕಾರ್ರೇ" ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಗಾಜಿನ ಗೆರೆ ಅಂಟಿಕೊಂಡೇ ಇದ್ದ ಅಂಚಿನ ಚೂರನ್ನು ಥರ್ಮಾಮೀಟರ್ ಒಳಗೆ ತಳ್ಳಿದ. ಮತ್ತೆ ಪಂಪು, ಮತ್ತೆ ಕೆಂಪು ದೀಪ. ಈ ಸಲದ ಕಾಯುವಿಕೆ ಮೊದಲಿಗಿಂತ ಕೆಟ್ಟದಾಗಿತ್ತು. ಮೊದಲು ಕೈಯಲ್ಲಿ ಏನೂ ಇರಲಿಲ್ಲ, ಈಗ ಕೈಗೆ ಬಂದದ್ದು ಜಾರಬಹುದಿತ್ತು. ಗೆರೆ ಎದ್ದಿತು. ನಿಕ್ಕಲ್, ಜಿರ್ಕೋನಿಯಂ, ಯಿಟ್ರಿಯಂ. ಯಿಟ್ರಿಯಮ್ಮಿನ ಎಡಕ್ಕೆ, ಸಿಲಿಕಾನಿನ ಮನೆಯಲ್ಲಿ, ಒಂದು ಗುಡ್ಡ. ಸಣ್ಣದು, ಆದರೆ ಗುಡ್ಡವೇ.

ಅತ್ತಿಗೆ ಕಿರಣವನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಸಿದರು. ಗುಡ್ಡ ಕುಗ್ಗುತ್ತ ಬಂದು, ಗಾಜಿನಿಂದ ಕೂದಲೆಳೆಯಷ್ಟು ದೂರ ಹೋಗುವಷ್ಟರಲ್ಲಿ ಬಯಲಾಯಿತು.

"ಇದು ಪುಡಿಯದ್ದು" ಎಂದರು. "ಬಿಲ್ಲೆ ಸೊರಗಿದ್ದು ಇದರಿಂದಲ್ಲ. ಆದ್ರೆ ಇನ್ನೂ ವರ್ಷಗಟ್ಟಲೆ ಓಡ್ಸಿದ್ರೆ ಇದು ಒಳಕ್ಕೆ ನಡೀಬಹುದು. ಪುಡಿ ಸರಿಮಾಡ್ಕೊಂಡು ಬರ್ಬೇಕು. ಬರ್ಕೊಳ್ಳಿ."

ಥರ್ಮಾಮೀಟರ್ ನನ್ನ ಕಡೆ ತಿರುಗಿ ನೋಡಿದ. ಮೈದುನನನ್ನು ಉಳಿಸಲು ಬಂದ ಅತ್ತಿಗೆ ಮಾಡುವ ಕೆಲಸ ಇದಲ್ಲ ಎಂದು ಅವನಿಗೆ ಅನಿಸಿದ್ದು ಆ ಗಳಿಗೆಯಲ್ಲೇ ಇರಬೇಕು. ಆ ದಿನದಿಂದ ಅವನು ಕಾರ್ಖಾನೆಯ ಮೊಗಸಾಲೆಯಲ್ಲಿ ಸಿಕ್ಕರೆ ನನಗೆ ನಮಸ್ಕಾರ ಮಾಡುತ್ತಾನೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಾನು ತಡೆಯಲಾರದೆ ಕೇಳಿದೆ. "ಗೆದ್ದಾಗಿತ್ತಲ್ಲ ಅತ್ತಿಗೆ. ಅಂಚನ್ನೂ ನೋಡ್ಬೇಕಿತ್ತಾ?"

"ನೋಡ್ಬೇಕಿತ್ತು."

"ನಾನು ಅಷ್ಟು ಕೆಮ್ಮಿದೆ."

"ಕೇಳಿಸ್ತು. ಔಷಧಿ ತಗೋ."

ಮೊಗಸಾಲೆಯ ಗೋಡೆಯಿಂದ ಚೌಕಟ್ಟುಗಳು ಆ ವಾರವೇ ಇಳಿದವು. ಮುಖ್ಯಸ್ಥರ ಕುರ್ಚಿ ಬೇರೆ ಕಾರ್ಖಾನೆಯಿಂದ ಬಂದ ಒಬ್ಬ ಕಿರಿಯನಿಗೆ ಹೋಯಿತು. ಅತ್ತಿಗೆ ಅದೇ ಹಳೆಯ ಮೇಜಿನಲ್ಲಿ, ಡಬ್ಬಿಗಳಲ್ಲಿ ಉಳಿದಿರುವ ಹಳೆಯ ಬಿಲ್ಲೆಗಳನ್ನೆಲ್ಲ ಮತ್ತೆ ಒಡೆದು, ತಮ್ಮದೇ ವರದಿಗಳನ್ನು ಒಂದೊಂದಾಗಿ ತಿದ್ದುತ್ತಿದ್ದಾರೆ. ಹೊಳಪು ಬೇಕಾದಲ್ಲಿ ಈಗ ವಜ್ರದ ಪೇಸ್ಟು. ಹೊಸ ಬಿಲ್ಲೆಯ ಚೂರನ್ನು ಪ್ರತಿ ಸಲವೂ ಹೊಸದಾಗಿ ಮಾಡುತ್ತಾರೆ. ಕೆಲವರು ಇನ್ನೂ ಕನ್ನಡಿ ಮೇಡಂ ಎನ್ನುತ್ತಾರೆ, ಕೆಲವರು ಕ್ವಾರಿ ಮೇಡಂ ಎನ್ನತೊಡಗಿದ್ದಾರೆ. ಎರಡಕ್ಕೂ ತಿರುಗಿ ನೋಡುತ್ತಾರೆ. ಕುರ್ಚಿಯ ವಿಷಯ ಅವರಿಗೆ ನೋವಾಗಿದೆಯೇ ಎಂದು ಅಣ್ಣನನ್ನು ಕೇಳಿದೆ. ಅವನು ಯೋಚಿಸಿ, ಚಹಾ ಮುಗಿದ ಮೇಲೆ ಹೇಳಿದ. "ಆಗಿದೆ. ಆದ್ರೆ ಮಧ್ಯಾಹ್ನದ ಊಟದ ಡಬ್ಬಿ ಖಾಲಿಯಾಗೇ ವಾಪಸ್ ಬರ್ತಿದೆ."

ನಾನು ಪುಡಿಯನ್ನು ಬದಲಿಸಿದೆ. ಸುಲಭವಾಗಲಿಲ್ಲ, ಒಂದು ಸಲ ಅಂಚು ಸೀಳಿತು, ಒಂದು ಸಲ ಕರಗಲೇ ಇಲ್ಲ. ಕೊನೆಗೆ ಒಂದು ಬೆರಕೆ ಕೂತಿತು. ಅದನ್ನು ಬಳಿದು ಓಡಿಸಿದ ಬಿಲ್ಲೆಯನ್ನು ಅತ್ತಿಗೆ ಒಡೆದು, ಅಂಚಿನಲ್ಲಿ ತುಂಬ ಹೊತ್ತು ನೋಡಿ, ಫೋನು ಮಾಡಿದರು. "ಪರವಾಗಿಲ್ಲ" ಎಂದು ಇಟ್ಟುಬಿಟ್ಟರು.

ನನ್ನ ಗಿರಣಿ ಇವತ್ತು ನಡೆಯುತ್ತಿರುವುದು, ನಮ್ಮ ಅತ್ತಿಗೆ ತಮಗೆ ಬರಬೇಕಿದ್ದ ಕುರ್ಚಿ ಹೋಗುತ್ತದೆಂದು ಗೊತ್ತಿದ್ದೂ ಆ ಕೋಣೆಯಲ್ಲಿ ಎದ್ದು ನಿಂತು "ನನ್ನ ವರದಿ ತಪ್ಪಿರಬಹುದು" ಎಂದು ಹೇಳಿದ್ದರಿಂದ. ಅದರ ಋಣ ನನ್ನ ಮೇಲಿದೆ.